ಆಳವಾದ ಕಮರಿಯ ಮೇಲಣ ಕಮಾನು ಸೇತುವೆ

ಭಾರವಾದ ವಸ್ತು ಯಾವದಾದರೂ ಒಂದರ ಮೇಲೆ ನಿಲ್ಲಲೇಬೇಕು. ಮನೆ ನೆಲದ ಮೇಲೆ ನಿಲ್ಲುತ್ತದೆ. ತೊಲೆ ಗೋಡೆಯ ಮೇಲೆ ನಿಲ್ಲುತ್ತದೆ. ಸಣ್ಣ ಹಳ್ಳದ ಮೇಲಣ ಸಂಕವು ಸಹ ಎರಡು ದಡಗಳ ಮೇಲೆ ಊರಿಕೊಂಡಿರುತ್ತದೆ. ಆದರೆ ದಡದಿಂದ ದಡಕ್ಕೆ ಮೂರು ಸಾವಿರ ಅಡಿ ದೂರವಿದ್ದು, ನಡುವೆ ಎಂಟುನೂರು ಅಡಿಗೂ ಮಿಕ್ಕ ಆಳದ ಕಮರಿ ಬಾಯ್ದೆರೆದಿರುವಾಗ, ಅದರ ಮೇಲೆ ಹಗಲಿರುಳು ಬಂಡಿಗಳೋಡುವ ಹೆದ್ದಾರಿಯೊಂದನ್ನು ಹಾಯಿಸಿದರೆ ಅದು ಯಾವದರ ಮೇಲೆ ನಿಂತೀತು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಅಮೇರಿಕಾ ಸಂಯುಕ್ತ ಸಂಸ್ಥಾನದ ಒಂದು ಪ್ರಸಿದ್ಧ ಸೇತುವೆಯನ್ನು ನೋಡಿಬರೋಣ. ಶಾಲೆಯಲ್ಲಿ ಭೂಗೋಳ, ಗಣಿತ, ಪದಾರ್ಥ ವಿಜ್ಞಾನಗಳನ್ನು ಬೇರೆ ಬೇರೆ ಗಂಟೆಗಳಲ್ಲಿ ಕಲಿಯುವದುಂಟು. ಇಂಥ ಕಟ್ಟಡವೊಂದರ ಮುಂದೆ ಅವೆಲ್ಲವೂ ಒಂದೇ ಪಾಠವಾಗಿಬಿಡುತ್ತವೆ.

೧. ಹೊಳೆಯೂ ಕಮರಿಯೂ

ಅಮೇರಿಕದ ಪೂರ್ವಭಾಗದಲ್ಲಿ ಅಪಲೇಚಿಯನ್ ಎಂಬ ಪರ್ವತಶ್ರೇಣಿಯು ಉದ್ದಕ್ಕೂ ಹಬ್ಬಿಕೊಂಡಿದೆ. ಅದರ ನಡುವಣ ವೆಸ್ಟ್ ವರ್ಜೀನಿಯಾ ಸಂಸ್ಥಾನದಲ್ಲಿ ಉತ್ತರ ದಿಕ್ಕಿಗೆ ಹರಿಯುವ ಒಂದು ಹೊಳೆಯುಂಟು. ಅದರ ಹೆಸರು ನ್ಯೂ ರಿವರ್, ಎಂದರೆ ಹೊಸ ಹೊಳೆ. ಹೆಸರು ಹೊಸದಾದರೂ ಹೊಳೆಯು ಬಹು ಪುರಾತನವಾದದ್ದು. ಆ ಖಂಡದ ಅತ್ಯಂತ ಹಳೆಯ ನದಿಗಳಲ್ಲಿ ಇದೂ ಒಂದೆಂದು ಭೂಗರ್ಭಶಾಸ್ತ್ರಜ್ಞರು ಎಣಿಸುತ್ತಾರೆ. ಲೆಕ್ಕವಿಲ್ಲದ ವರ್ಷಗಳ ಕಾಲ ಮರಳುಕಲ್ಲಿನ ಪದರಗಳನ್ನು ಕೊರೆಯುತ್ತ ಕೊರೆಯುತ್ತ ಅದು ಕಡಿದಾದ ಕಮರಿಯನ್ನು ಮಾಡಿಕೊಂಡಿದೆ.

೧೮೭೩ರಲ್ಲಿ ಈ ಕಮರಿಯ ತಳದ ಗುಂಟ ರೈಲುದಾರಿಯು ಮುಗಿಯಿತು. ಅದರೊಡನೆ ಅಲ್ಲಿಯ ಕಲ್ಲಿದ್ದಲು ಹೊರಲೋಕಕ್ಕೆ ಹೊರಟಿತು. ಇಕ್ಕೆಲದ ಇಳಿಜಾರುಗಳಲ್ಲಿ ಗಣಿಗಳೂ, ಗಣಿಗಾರರ ಮನೆಗಳೂ, ಅಂಗಡಿ ಶಾಲೆಗಳೂ ಎದ್ದವು. ಹೀಗೆ ಹೊಳೆಯ ಉದ್ದಕ್ಕೆ ಹೋಗುವ ದಾರಿಯೇನೋ ಆಯಿತು. ಆದರೆ ಹೊಳೆಯನ್ನು ಅಡ್ಡ ದಾಟುವ ಕಷ್ಟವು ಇದ್ದಂತೆಯೇ ಉಳಿಯಿತು. ಫೇಯೆಟ್ ಸ್ಟೇಷನ್ ಎಂಬಲ್ಲಿ ೧೮೮೯ರಲ್ಲಿ ನೀರಿನ ಹತ್ತಿರವೇ ಒಂದು ಸಣ್ಣ ಸೇತುವೆಯನ್ನು ಕಟ್ಟಿದ್ದರು. ಮೇಲಿನ ಬಯಲಿನವರು ಆಚೆಯ ಬಯಲಿಗೆ ಹೋಗಬೇಕಾದರೆ ಸುತ್ತುಸುತ್ತಾದ ಇಕ್ಕಟ್ಟಿನ ದಾರಿಯಲ್ಲಿ ತಳದ ವರೆಗೆ ಇಳಿದು, ಆ ಸೇತುವೆಯನ್ನು ದಾಟಿ, ಮತ್ತೆ ಅಷ್ಟೇ ಎತ್ತರವನ್ನು ಏರಬೇಕಾಗಿತ್ತು. ಮೋಟಾರು ಬಂಡಿಗಳು ಬಂದ ಮೇಲೆಯೂ ಇದಕ್ಕೆ ಸುಮಾರು ೪೦ ನಿಮಿಷ ಹಿಡಿಯುತ್ತಿತ್ತು. ಕಣ್ಣಿಗೆ ಕಾಣುವ ಆಚೆಯ ಗುಡ್ಡಕ್ಕೆ ಮುಕ್ಕಾಲು ಗಂಟೆಯ ದಾರಿಯೆಂದರೆ, ರೋಗಿಯನ್ನು ವೈದ್ಯರ ಬಳಿಗೆ ಒಯ್ಯುವವರಿಗೆ ಆ ೪೦ ನಿಮಿಷಗಳು ಎಷ್ಟು ದೀರ್ಘವಾಗಿ ತೋರಿರಬೇಕೆಂಬದನ್ನು ಮನೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ನಾವು ಹೇಳಬೇಕಾದದ್ದಿಲ್ಲ.

ಈ ಬೆಟ್ಟಸೀಮೆಯ ಬಡತನಕ್ಕೆ ಒಳ್ಳೇ ರಸ್ತೆಗಳಿಲ್ಲದಿರುವದೂ ಒಂದು ಕಾರಣವೆಂದು ಅಲ್ಲಿಯ ಸರಕಾರವು ಎಣಿಸಿ, ೧೯೬೫ರಲ್ಲಿ ಅಪಲೇಚಿಯಾ ಪ್ರಾಂತದ ಅಭಿವೃದ್ಧಿಗಾಗಿ ಒಂದು ಶಾಸನವನ್ನು ಮಾಡಿತು. ಆ ಏರ್ಪಾಡಿನಂತೆ ತೆಗೆದ ಹೆದ್ದಾರಿಗಳಲ್ಲಿ ಒಂದು ಈ ಕಮರಿಯ ಅಂಚಿಗೆ ಬಂದು ನಿಂತಿತು. ಮುಂದೆ ಹೋಗಬೇಕಾದರೆ ಸೇತುವೆಯಾಗಲೇಬೇಕಾಗಿತ್ತು.

೨. ಕಮಾನು ಏಕೆ?

ಅಗಲವಾದ ಹೊಳೆಗೆ ಸಾಮಾನ್ಯವಾಗಿ ನೀರಿನಲ್ಲಿ ಸಾಲಾಗಿ ಕಂಬಗಳನ್ನೆಬ್ಬಿಸಿ, ಅವುಗಳ ಮೇಲೆ ತೊಲೆಗಳನ್ನು ಹಾಸುವ ಪದ್ಧತಿಯುಂಟು. ಇಲ್ಲಿ ಅದು ಸುಲಭವಾಗಿರಲಿಲ್ಲ. ಸೇತುವೆಯ ರಸ್ತೆಯು ನೀರಿನಿಂದ ೮೭೬ ಅಡಿ ಎತ್ತರದಲ್ಲಿದೆ. ನಮ್ಮ ಜೋಗದಲ್ಲಿ ಶರಾವತಿಯು ಧುಮುಕುವ ಎತ್ತರವು ಸುಮಾರು ೮೩೦ ಅಡಿ ಎಂಬದನ್ನು ನೆನಸಿಕೊಂಡರೆ ಈ ಸಂಖ್ಯೆಯ ಅರ್ಥವು ತಿಳಿದೀತು. ಅಂಥ ಎತ್ತರದ ಕಂಬಗಳನ್ನು ರಭಸದ ಹೊಳೆಯಲ್ಲಿ, ರೈಲುದಾರಿಯ ಮಗ್ಗುಲಲ್ಲಿ ಎಬ್ಬಿಸುವದಕ್ಕಿಂತ, ಇಕ್ಕೆಲದ ಗುಡ್ಡಗಳ ಗಟ್ಟಿ ಬಂಡೆಯನ್ನೇ ಆಧಾರ ಮಾಡಿಕೊಂಡು ಒಂದೇ ಹಾರಿಗೆ ಕಮರಿಯನ್ನು ದಾಟಿಬಿಡುವದು ಯುಕ್ತವೆಂದು ಇಂಜಿನಿಯರರು ಕಂಡುಕೊಂಡರು.

ಕಮಾನಿನ ಗುಣವೇನೆಂಬದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎರಡು ಗೋಡೆಗಳ ಮೇಲೆ ಅಡ್ಡವಾಗಿಟ್ಟ ಕಲ್ಲಿನ ಹಾಸು ತನ್ನ ಭಾರದಿಂದ ನಡುವೆ ಜಗ್ಗಲೆಳಸುತ್ತದೆ. ಆಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಕಲ್ಲು ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಆದಕಾರಣ ಉದ್ದವಾದ ಕಲ್ಲುಹಾಸು ನಡುವಿನಲ್ಲಿ ಮುರಿದು ಬೀಳುವದು. ಅದೇ ಕಲ್ಲನ್ನು ಸಣ್ಣ ತುಂಡುಗಳಾಗಿ ಕಡಿದು ಬಿಲ್ಲಿನ ಆಕಾರದಲ್ಲಿ ಒಂದಕ್ಕೊಂದು ಒರಗಿಸಿಟ್ಟರೆ ಸಂಗತಿಯೇ ಬೇರೆ. ಪ್ರತಿಯೊಂದು ಕಲ್ಲೂ ಬೀಳಬೇಕೆನ್ನುತ್ತದೆ. ಪಕ್ಕದ ಕಲ್ಲು ಅದನ್ನು ಬೀಳಗೊಡಿಸುವದಿಲ್ಲ. ಎಳೆತವೆಂಬದು ಬಹುಮಟ್ಟಿಗೆ ಇಲ್ಲದೆ, ಇರುವದೆಲ್ಲ ಒತ್ತಡವೇ ಆಗಿ, ಆ ಒತ್ತಡವು ಕಲ್ಲಿನಿಂದ ಕಲ್ಲಿಗೆ ಸಾಗಿ ಕೊನೆಗೆ ಎರಡು ಬುಡಗಳನ್ನು ಸೇರುತ್ತದೆ.

ಬುಡದಲ್ಲಿ ಏನಾಗುವದೆಂಬದೇ ಮುಖ್ಯ. ಮನೆಯಲ್ಲಿ ಮಕ್ಕಳು ತಾವೇ ಇದನ್ನು ಪರೀಕ್ಷಿಸಬಹುದು. ಒಂದು ದಪ್ಪ ಕಾಗದದ ಪಟ್ಟಿಯನ್ನು ಎರಡು ಪುಸ್ತಕಗಳ ಮೇಲೆ ನೇರವಾಗಿ ಹಾಸಿ ನಡುವೆ ಒಂದು ನಾಣ್ಯವನ್ನಿಡಿರಿ. ಪಟ್ಟಿಯು ಬಗ್ಗಿ ಕುಸಿಯುವದು. ಈಗ ಅದೇ ಪಟ್ಟಿಯನ್ನು ಬಿಲ್ಲಿನಂತೆ ಬಾಗಿಸಿ, ಅದರ ಎರಡು ತುದಿಗಳು ಎರಡು ಭಾರವಾದ ಪುಸ್ತಕಗಳಿಗೆ ತಾಗಿ ನಿಲ್ಲುವಂತೆ ಮೇಜಿನ ಮೇಲಿಡಿರಿ. ಅದು ನಾಣ್ಯವನ್ನು ಹೊತ್ತು ನಿಲ್ಲುವದು. ಬಳಿಕ ಒಂದು ಪುಸ್ತಕವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿರಿ. ಪಟ್ಟಿಯ ಕಾಲು ಜಾರಿ ಕಮಾನು ಚಪ್ಪಟೆಯಾಗುವದು. ಇದರಿಂದ ತಿಳಿಯುವದೇನಂದರೆ, ಕಮಾನು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಗೆ ಎದುರಾಗಿ ಅಷ್ಟೇ ಬಲದಿಂದ ಮರಳಿ ತಳ್ಳುವವರಿದ್ದರೆ ಮಾತ್ರ ಕಮಾನು ನಿಂತೀತು. ನ್ಯೂ ರಿವರ್ ಸೇತುವೆಯಲ್ಲಿ ಆ ಎರಡು ಪುಸ್ತಕಗಳ ಸ್ಥಾನದಲ್ಲಿರುವವು ಎರಡು ಗುಡ್ಡಗಳು.

ಇನ್ನು ಕಮಾನಿನ ಆಕಾರ ಹೇಗಿರಬೇಕು? ಕೊರಳಿನ ಸರವೊಂದನ್ನು ಎರಡು ತುದಿಗಳಲ್ಲಿ ಹಿಡಿದು ತೂಗಬಿಟ್ಟರೆ ಅದು ತಾನಾಗಿಯೇ ಒಂದು ಅಂದವಾದ ಬಾಗನ್ನು ತಾಳುತ್ತದೆ. ಆ ಬಾಗಿನಲ್ಲಿ ಇರುವದು ಎಳೆತ ಮಾತ್ರ. ಅದನ್ನೇ ತಲೆಕೆಳಗು ಮಾಡಿದರೆ ಒತ್ತಡ ಮಾತ್ರವಿರುವ ಕಮಾನಿನ ಆಕಾರವು ದೊರೆಯುವದೆಂಬದನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹೂಕ್‌ನು ೧೬೭೫ರಲ್ಲಿ ಪ್ರಕಟಿಸಿದನು. ಮೇಲೆ ಹೇರುವ ಭಾರಕ್ಕೆ ತಕ್ಕಂತೆ ಆ ಬಾಗನ್ನು ತುಸು ತಿದ್ದಿಕೊಳ್ಳುವರು. ಮೂಲ ತತ್ತ್ವವು ಮಾತ್ರ ಇದೇ.

೩. ಕಲ್ಲಿನಿಂದ ಉಕ್ಕಿಗೆ

ರೋಮನರು ಕಲ್ಲಿನ ಕಮಾನುಗಳಲ್ಲಿ ನಿಪುಣರು. ಸ್ಪೇನ್ ದೇಶದ ಅಲ್ಕಾಂತರದಲ್ಲಿ ಎರಡನೆಯ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಸೇತುವೆಯು ಈಗಲೂ ಇದೆ. ಕಬ್ಬಿಣವು ಕಲ್ಲಿನ ಸ್ಥಾನಕ್ಕೆ ಬಂದದ್ದು ಇಂಗ್ಲೆಂಡಿನ ಸೆವರ್ನ್ ನದಿಯ ಕಮರಿಯಲ್ಲಿ. ಅಲ್ಲಿ ೧೭೭೯ರಲ್ಲಿ ಎರಕದ ಕಬ್ಬಿಣದ ಕಮಾನೊಂದನ್ನು ಎಬ್ಬಿಸಿದರು. ಅದು ಸುಮಾರು ೧೦೦ ಅಡಿ ಅಗಲದ್ದು. ೧೮೭೪ರಲ್ಲಿ ಮಿಸಿಸಿಪ್ಪಿ ನದಿಯ ಮೇಲೆ ಜೇಮ್ಸ್ ಈಡ್ಸ್ ಎಂಬವನು ಉಕ್ಕಿನ ಕಮಾನುಗಳುಳ್ಳ ಸೇತುವೆಯನ್ನು ಮುಗಿಸಿದನು. ಅದರ ನಡುವಣ ಕಮಾನು ೫೨೦ ಅಡಿಯದು. ೧೯೩೨ರಲ್ಲಿ ತೆರೆದ ಆಸ್ಟ್ರೇಲಿಯದ ಸಿಡ್ನಿ ಬಂದರದ ಕಮಾನು ೧,೬೫೦ ಅಡಿಯದಾಯಿತು.

ಇವುಗಳ ಬೆಳವಣಿಗೆಯಲ್ಲಿ ಅಳತೆಗಿಂತಲೂ ಗಮನಿಸಬೇಕಾದ ಒಂದು ವಿಷಯವುಂಟು. ಕಲ್ಲಿನ ಕಮಾನನ್ನು ಕಟ್ಟುವಾಗ ಕೆಳಗೆ ಮರದ ಆಸರೆಯನ್ನು ಹೂಡಿ, ಕಲ್ಲುಗಳನ್ನು ಅದರ ಮೇಲೆ ಜೋಡಿಸುತ್ತ ಬಂದು, ನೆತ್ತಿಯ ಕೊನೇ ಕಲ್ಲನ್ನು ಕೂಡಿಸಿದ ಮೇಲೆ ಆಸರೆಯನ್ನು ತೆಗೆಯುವರು. ಏಕೆಂದರೆ ಕಮಾನು ಪೂರ್ತಿಯಾಗುವ ತನಕ ಕಮಾನೇ ಅಲ್ಲ. ಅರ್ಧ ಕಮಾನಿಗೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿಯಿಲ್ಲ; ಎದುರಿನ ಅರ್ಧವು ಬಂದು ಒರಗಿದಾಗಲೇ ಎರಡಕ್ಕೂ ಬಲ. ಹಾಗಾದರೆ ಕೆಳಗೆ ಆಸರೆಯನ್ನು ನಿಲ್ಲಿಸಲಾಗದ ಕಡೆಯಲ್ಲಿ ಮಾಡುವದೇನು? ಈಡ್ಸನು ಅರ್ಧ ಕಮಾನುಗಳನ್ನು ಹಿಂದಿನಿಂದ ಎಳೆದು ಕಟ್ಟಿ ನಿಲ್ಲಿಸಿದನು. ಸಿಡ್ನಿಯಲ್ಲಿ ಒಂದೊಂದು ದಡದ ಬಂಡೆಯೊಳಗೆ ಸುರಂಗವನ್ನು ಕೊರೆದು, ಅದರ ಮೂಲಕ ೧೨೮ ಉಕ್ಕಿನ ಹಗ್ಗಗಳನ್ನು ಹಾಯಿಸಿ, ಎರಡು ಅರ್ಧಗಳನ್ನೂ ಬಿಗಿಹಿಡಿದಿದ್ದರು. ೧೯೩೦ರ ಆಗಸ್ಟಿನಲ್ಲಿ ಅವೆರಡೂ ಒಂದನ್ನೊಂದು ಮುಟ್ಟಿದವು.

೪. ಕಟ್ಟಿದ ಬಗೆ

ನ್ಯೂ ರಿವರ್ ಕಮರಿಯ ಸೇತುವೆಯ ನಕ್ಷೆಯನ್ನು ಮೈಕೆಲ್ ಬೇಕರ್ ಎಂಬ ಇಂಜಿನಿಯರಿಂಗ್ ಸಂಸ್ಥೆಯವರು ತಯಾರಿಸಿದರು; ಕಟ್ಟಿದವರು ಅಮೇರಿಕನ್ ಬ್ರಿಜ್ ಎಂಬ ಉಕ್ಕಿನ ಕೆಲಸಗಾರರು. ೧೯೭೪ರ ಜೂನಿನಲ್ಲಿ ಕೆಲಸವು ಮೊದಲಾಯಿತು. ಕಮರಿಯ ಒಂದೊಂದು ಅಂಚಿನಲ್ಲಿ ೩೩೦ ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿ, ಅವುಗಳ ನಡುವೆ ೩,೫೦೦ ಅಡಿ ಉದ್ದಕ್ಕೆ ಮೂರು ಅಂಗುಲ ದಪ್ಪದ ಉಕ್ಕಿನ ಹಗ್ಗಗಳನ್ನು ಬಿಗಿದರು. ಆ ಹಗ್ಗಗಳ ಮೇಲೆ ಗಾಲಿಯ ತೊಟ್ಟಿಲುಗಳು ಹರಿದಾಡುತ್ತ, ಉಕ್ಕಿನ ಒಂದೊಂದು ತುಂಡನ್ನೂ ಅಂತರಿಕ್ಷದಲ್ಲಿ ಒಯ್ದು ಅದರ ಸ್ಥಳದಲ್ಲಿ ಇಳಿಸಿದವು. ಅತಿ ಭಾರವಾದ ತುಂಡು ೧,೮೪,೦೦೦ ಪೌಂಡು ತೂಗುತ್ತಿತ್ತು. ಎರಡು ಗುಡ್ಡಗಳ ಬಂಡೆಯಿಂದ ಹೊರಟ ಎರಡು ಉಕ್ಕಿನ ತೋಳುಗಳು, ಹಿಂದಿನಿಂದ ಹಿಡಿದ ಕಟ್ಟುಗಳ ಆಸರೆಯಲ್ಲಿ ತುಂಡು ತುಂಡಾಗಿ ಬೆಳೆಯುತ್ತ, ಕಮರಿಯ ನಡುವೆ ಒಂದಾದವು. ಒಂದಾದ ಮೇಲೆ ಕಟ್ಟುಗಳನ್ನು ಬಿಚ್ಚಿದರು, ಗೋಪುರಗಳನ್ನು ಇಳಿಸಿದರು. ಇಂದು ಅಲ್ಲಿಗೆ ಹೋದವರಿಗೆ ಅವುಗಳ ಗುರುತು ಕಣ್ಣಿಗೆ ಬೀಳದು.

ಕಮಾನಿನ ಅಗಲ ಬುಡದಿಂದ ಬುಡಕ್ಕೆ ೧,೭೦೦ ಅಡಿ. ಸೇತುವೆಯ ಒಟ್ಟು ಉದ್ದ ೩,೦೩೦ ಅಡಿ. ಒಟ್ಟು ತೂಕ ೮ ಕೋಟಿ ೮೦ ಲಕ್ಷ ಪೌಂಡು. ಕಮಾನು ಒಂದೇ ಗಟ್ಟಿ ಉಕ್ಕಲ್ಲ. ಉಕ್ಕಿನ ಪಟ್ಟಿಗಳನ್ನು ತ್ರಿಕೋಣ ತ್ರಿಕೋಣವಾಗಿ ಹೆಣೆದ ಒಂದು ಜಾಲವು. ಚತುಷ್ಕೋಣವನ್ನು ಮೂಲೆ ಹಿಡಿದು ತಳ್ಳಿದರೆ ಓರೆಯಾಗುವದು. ತ್ರಿಕೋಣವು ಬದಿಗಳು ಮುರಿಯದ ಹೊರತು ಆಕಾರವನ್ನು ಬಿಡದು. ರೇಖಾಗಣಿತವನ್ನು ಕಂಠಪಾಠ ಮಾಡಿ ಮರೆತವರು ಈ ಜಾಲವನ್ನು ಒಮ್ಮೆ ನೋಡಬೇಕು. ಗಾಳಿಯು ಈ ಜಾಲದ ಎಡೆಗಳಲ್ಲಿ ನುಸುಳಿ ಹೋಗುವದೂ ಒಂದು ಲಾಭವೇ.

ಸೇತುವೆಯ ಬಣ್ಣವು ಕಂದು. ಅದು ಬಳಿದ ಬಣ್ಣವಲ್ಲ, ತುಕ್ಕು. ಸಾಮಾನ್ಯ ಕಬ್ಬಿಣದ ತುಕ್ಕು ಹೆಕ್ಕಳಿಕೆಯಾಗಿ ಉದುರುತ್ತ ಒಳಗಿನ ಲೋಹವನ್ನು ತಿನ್ನುತ್ತ ಹೋಗುತ್ತದೆ. ಇಲ್ಲಿ ಉಪಯೋಗಿಸಿದ ಕಾರ್‌ಟೆನ್ ಎಂಬ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಮೊದಲಾದ ಲೋಹಗಳು ಸ್ವಲ್ಪ ಸ್ವಲ್ಪ ಬೆರೆತಿರುವದರಿಂದ, ಮೊದಲು ಹತ್ತಿದ ತುಕ್ಕು ಬಿಗಿಯಾದ ಹೊದಿಕೆಯಾಗಿ ಕೂತು ಒಳಗಿನ ಉಕ್ಕನ್ನು ಕಾಯುತ್ತದೆ. ಅಷ್ಟು ಎತ್ತರದಲ್ಲಿ ಮನುಷ್ಯರನ್ನು ತೂಗಬಿಟ್ಟು ವರ್ಷವರ್ಷಕ್ಕೆ ಬಣ್ಣ ಹಚ್ಚಿಸುವ ಅಪಾಯವೂ ವೆಚ್ಚವೂ ಇದರಿಂದ ತಪ್ಪಿದವು. ಎಲ್ಲಾ ಸೇರಿ ಸೇತುವೆಗೆ ೩ ಕೋಟಿ ೭೦ ಲಕ್ಷ ಡಾಲರು ಹಿಡಿಯಿತು.

೧೯೭೭ನೆಯ ಅಕ್ಟೋಬರ ೨೨ರಂದು ಸೇತುವೆಯನ್ನು ತೆರೆದರು. ೪೦ ನಿಮಿಷಗಳ ದಾರಿಯು ಒಂದು ನಿಮಿಷಕ್ಕೂ ಕಡಿಮೆಯಾಯಿತು. ಮುಂದಣ ೨೬ ವರ್ಷಗಳ ವರೆಗೆ ಲೋಕದಲ್ಲಿ ಇದಕ್ಕಿಂತ ಅಗಲವಾದ ಕಮಾನು ಇರಲಿಲ್ಲ. ೨೦೦೩ರಲ್ಲಿ ಚೀನಾದ ಶಾಂಘಾಯಿಯಲ್ಲಿ ತೆರೆದ ಲೂಪು ಸೇತುವೆಯು ಅದನ್ನು ಮೀರಿಸಿತು; ಆ ಮೇಲೆ ಅದೇ ದೇಶದಲ್ಲಿ ಇನ್ನೂ ದೊಡ್ಡವು ಎದ್ದಿವೆ.

೫. ಸೇತುವೆಯು ಕೊಟ್ಟದ್ದೂ ಕೊಡದಿದ್ದದ್ದೂ

ಸೇತುವೆಯ ಪ್ರಯೋಜನವನ್ನು ಹೇಳುವಾಗ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಕಮರಿಯೊಳಗಣ ಗಣಿಯೂರುಗಳು ಈ ಸೇತುವೆಯನ್ನು ಕಾಣಲಿಲ್ಲ. ನಟಲ್‌ಬರ್ಗ್ ಎಂಬಲ್ಲಿಯ ಗಣಿಯು ೧೯೫೮ರಲ್ಲಿಯೂ, ಕೇಮೂರ್ ಎಂಬಲ್ಲಿಯದು ೧೯೬೨ರಲ್ಲಿಯೂ ಮುಚ್ಚಿದವು. ಎಷ್ಟೋ ಕುಟುಂಬಗಳು ಇಳಿದೂ ಏರಿಯೂ ಬಾಳಿದ ಆ ಇಳಿಜಾರುಗಳಲ್ಲಿ ಈಗ ಪಾಳುಗೋಡೆಗಳೂ ಮರಗಳೂ ಇವೆ. ದಾಟುವ ಅವಶ್ಯಕತೆ ಯಾರಿಗೆ ಬಹಳವಾಗಿತ್ತೋ ಅವರು ಹೋದ ಮೇಲೆ ಸೇತುವೆಯು ಬಂತು. ರಸ್ತೆಯಾದರೆ ಬಡತನವು ತಾನಾಗಿ ತೊಲಗುವದೆಂಬ ಆಶೆಯೂ ಪೂರ್ತಿಯಾಗಿ ಕೈಗೂಡಲಿಲ್ಲ. ಕಲ್ಲಿದ್ದಲಿನ ಕೆಲಸವು ಕುಂದುತ್ತ ಬಂದಂತೆ ಆ ಸೀಮೆಯ ಅನೇಕರು ಹೊಟ್ಟೆಪಾಡಿಗಾಗಿ ಬೇರೆ ಕಡೆಗೆ ಹೋದರು. ಸೇತುವೆಯು ದಾರಿಯನ್ನು ಕೊಡಬಲ್ಲದು. ಆ ದಾರಿಯಲ್ಲಿ ಬರುವವರಾರು, ಹೋಗುವವರಾರು ಎಂಬದನ್ನು ಅದು ಗೊತ್ತುಮಾಡಲಾರದು.

ಆದರೂ ಅದರಿಂದಾದ ಹಿತವು ಸಣ್ಣದಲ್ಲ. ೧೯೭೮ರಲ್ಲಿ ಆ ಹೊಳೆಯ ಕಮರಿಯು ರಾಷ್ಟ್ರದ ರಕ್ಷಣೆಗೆ ಬಂತು. ೨೦೨೦ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದೋಣಿ ನಡಿಸುವವರೂ ಬಂಡೆಯೇರುವವರೂ ದೂರದಿಂದ ಬರುತ್ತಾರೆ. ಊರವರಿಗೆ ಹೊಸ ಕಸಬುಗಳು ದೊರೆತಿವೆ. ೧೯೮೦ರಿಂದ ಅಕ್ಟೋಬರದ ಮೂರನೆಯ ಶನಿವಾರ ಬಂಡಿಗಳನ್ನು ತಡೆದು ಜನರನ್ನು ಕಾಲ್ನಡೆಯಾಗಿ ಸೇತುವೆಯ ಮೇಲೆ ಬಿಡುವ ಹಬ್ಬವೂ ರೂಢಿಯಾಗಿದೆ. ರಸ್ತೆಯ ಅಡಿಯಲ್ಲಿ ಉಕ್ಕಿನ ಜಾಲದ ನಡುವೆ, ತಪಾಸಣೆ ಮಾಡುವವರಿಗಾಗಿ ಎರಡೇ ಅಡಿ ಅಗಲದ ಹಾದಿಯೊಂದಿದೆ. ಸೊಂಟಕ್ಕೆ ಹಗ್ಗವನ್ನು ಬಿಗಿದುಕೊಂಡು ಯಾತ್ರಿಕರು ಈಗ ಅಲ್ಲಿಯೂ ನಡೆಯುತ್ತಾರೆ. ಹಳೆಯ ಸುತ್ತುದಾರಿಯು ಇನ್ನೂ ಇದೆ. ಅದರಲ್ಲಿ ಇಳಿದು ಹೊಳೆಯ ಬಳಿಯಿಂದ ತಲೆಯೆತ್ತಿ ನೋಡಿದವರಿಗೆ ೪೦ ನಿಮಿಷವೆಂದರೇನು, ಒಂದು ನಿಮಿಷವೆಂದರೇನು ಎಂಬದು ಚೆನ್ನಾಗಿ ತಿಳಿಯುವದು.

೬. ನಮ್ಮ ದೇಶದ ಕಮಾನು

ಇಂಥದೇ ಕಾರ್ಯವು ನಮ್ಮ ದೇಶದಲ್ಲಿಯೂ ನಡೆದಿದೆ. ಜಮ್ಮು ಕಾಶ್ಮೀರದ ರಿಯಾಸಿ ಜಿಲ್ಲೆಯಲ್ಲಿ ಚಿನಾಬ್ ನದಿಯ ಕಮರಿಯ ಮೇಲೆ ಉಕ್ಕಿನ ಕಮಾನು ಸೇತುವೆಯೊಂದು ನಿಂತಿದೆ. ಇದು ಹೆದ್ದಾರಿಗಲ್ಲ, ರೈಲಿಗೆ. ಇದರ ಎತ್ತರ ನದಿಯಿಂದ ೩೫೯ ಮೀಟರು, ಎಂದರೆ ಸುಮಾರು ೧,೧೭೮ ಅಡಿ. ಕಮಾನಿನ ಅಗಲ ೪೬೭ ಮೀಟರು. ಇಲ್ಲಿಯೂ ಕಮರಿಯ ಅಡ್ಡಕ್ಕೆ ಬಿಗಿದ ಹಗ್ಗಗಳಿಂದಲೇ ಉಕ್ಕನ್ನು ಸಾಗಿಸಿದರು. ೨೦೨೧ರ ಏಪ್ರಿಲಿನಲ್ಲಿ ಕಮಾನಿನ ಎರಡು ತೋಳುಗಳು ಕೂಡಿದವು. ೨೦೨೫ನೆಯ ಜೂನ್ ೬ರಂದು ಸೇತುವೆಯನ್ನು ತೆರೆದರು.

ಆದರೆ ಮೇಜಿನ ಮೇಲಣ ಪುಸ್ತಕಗಳನ್ನು ಇಲ್ಲಿ ಮತ್ತೊಮ್ಮೆ ನೆನಸಬೇಕು. ಹಿಮಾಲಯವು ಬಿರುಕುಗಳಿಂದ ತುಂಬಿದ ಬೆಟ್ಟ. ಅದರ ಕಡಿದಾದ ಇಳಿಜಾರು ಕಮಾನಿನ ಒದೆತವನ್ನು ತಾಳಿಕೊಂಡು ನಿಲ್ಲುವದೋ, ಕುಸಿಯುವದೋ? ಭೂಕಂಪವಾದರೆ ಗತಿಯೇನು? ಉಕ್ಕಿನ ಲೆಕ್ಕಕ್ಕಿಂತ ಬಂಡೆಯ ಲೆಕ್ಕವು ಇಲ್ಲಿ ಕಠಿಣವಾಗಿತ್ತು. ಆ ಲೆಕ್ಕದಲ್ಲಿ ೧೭ ವರ್ಷ ಸಲಹೆಗಾರರಾಗಿ ದುಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಿಕೆ ಜಿ. ಮಾಧವಿ ಲತಾ ಅವರು. ಅಗೆದಂತೆಲ್ಲ ಬಂಡೆಯು ಹೊಸ ಹೊಸ ಬಿರುಕುಗಳನ್ನು ತೋರಿಸುತ್ತಿದ್ದುದರಿಂದ ಮೊದಲೇ ಬರೆದಿಟ್ಟ ನಕ್ಷೆಯನ್ನು ಹಾಗೆಯೇ ಹಿಡಿದುಕೊಂಡು ಹೋಗಲಾಗಲಿಲ್ಲ. ಕಂಡದ್ದಕ್ಕೆ ತಕ್ಕಂತೆ ಲೆಕ್ಕವನ್ನು ಆಗಿಂದಾಗ್ಗೆ ತಿದ್ದಬೇಕಾಯಿತು. ಬೆಟ್ಟದೊಳಗೆ ಉಕ್ಕಿನ ಸಲಾಕಿಗಳನ್ನು ನೆಟ್ಟು, ಸಂದುಗಳಲ್ಲಿ ಸಿಮೆಂಟಿನ ಗಂಜಿಯನ್ನು ತುಂಬಿ, ಇಳಿಜಾರನ್ನು ಭದ್ರಪಡಿಸಿದರು. ಸೇತುವೆಯನ್ನು ತೆರೆದಾಗ ನಾಡೆಲ್ಲ ಅವರನ್ನು ಹೊಗಳಿತು. ಅವರಾದರೋ, ಈ ಕೀರ್ತಿಯು ತನ್ನೊಬ್ಬಳದಲ್ಲ, ಹೊಗಳಿಕೆಗೆ ತಕ್ಕ ಸಾವಿರಾರು ಜನರಲ್ಲಿ ತಾನೂ ಒಬ್ಬಳೆಂಬ ಭಾವವನ್ನು ಬಹಿರಂಗವಾಗಿ ತಿಳಿಸಿದರು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಮರಿಯ ಮೇಲಣ ಸೇತುವೆಯು ಯಾವದರ ಮೇಲೆ ನಿಂತಿದೆ? ನೋಡುವವರ ಕಣ್ಣು ಕಮಾನಿನ ನೆತ್ತಿಗೆ ಹೋಗುತ್ತದೆ. ಭಾರವೆಲ್ಲ ಹೋಗುವದು ಬುಡಕ್ಕೆ. ಕಾಣುವದು ಉಕ್ಕು, ತಾಳಿಕೊಳ್ಳುವದು ಮಣ್ಣುಮರಗಳ ಕೆಳಗೆ ಅಡಗಿರುವ ಬಂಡೆ. ಅರ್ಧ ಕಮಾನಿಗೆ ಬಲವಿಲ್ಲದ ದಿನಗಳಲ್ಲಿ ಅದನ್ನು ಹಿಂದಿನಿಂದ ಹಿಡಿದು, ಕೆಲಸವಾದ ಮೇಲೆ ಬಿಚ್ಚಿಹೋದ ಹಗ್ಗಗಳನ್ನು ಯಾರೂ ನೆನಸುವದಿಲ್ಲ. ಅವಿಲ್ಲದಿದ್ದರೆ ಸೇತುವೆಯೂ ಇಲ್ಲ. ಇದು ಪದಾರ್ಥ ವಿಜ್ಞಾನದ ಪಾಠವೇ ಸರಿ. ಆದರೂ ಮಗಳನ್ನು ಓದಿಸಿ ದೂರದ ಊರಿಗೆ ಕಳುಹಿಸಿಕೊಟ್ಟ ತಾಯ್ತಂದೆಗಳೂ, ಅಂಥ ಆಸರೆಯಿಂದ ಮುಂದೆ ಬಂದ ಹಳೆಯ ವಿದ್ಯಾರ್ಥಿನಿಯರೂ ಇದನ್ನು ಓದುವಾಗ ತಮ್ಮ ಮನಸ್ಸಿನಲ್ಲಿ ಇದಕ್ಕೆ ಇನ್ನೊಂದು ಅರ್ಥವನ್ನು ಕೂಡಿಸಿಕೊಂಡರೆ, ಅದಕ್ಕೆ ನಾವು ಅಡ್ಡಿ ಹೇಳುವದಿಲ್ಲ. ಮನೆಯ ಮಕ್ಕಳು ಮೇಜಿನ ಮೇಲೆ ಕಾಗದದ ಕಮಾನನ್ನು ನಿಲ್ಲಿಸಿದಾಗ, ಎಷ್ಟು ನಾಣ್ಯಗಳನ್ನು ಹೊತ್ತಿತೆಂದು ಕೇಳುವದರೊಡನೆ, ಪುಸ್ತಕಗಳು ಸರಿಯದೆ ನಿಂತವೋ ಎಂಬದನ್ನೂ ನೋಡಲು ಹೇಳಿರಿ.